ಓಮ್ನಿಗೆ ಹೈಡ್ರೋಜನ್ ಕಿಟ್ ಹಾಕಿಸಿ ಅಳೆದು ನೋಡಿದೆವು

ಗಾಡಿಯ ಕರೆಂಟಿನಿಂದ ನೀರು ಒಡೆದು, ಬಂದ ಹೈಡ್ರೋಜನ್ ಗ್ಯಾಸನ್ನು ಪೆಟ್ರೋಲಿನ ಜೊತೆ ಇಂಜಿನ್ನಿಗೆ ಬಿಟ್ಟರೆ ಮೈಲೇಜ್ ಏರುತ್ತದೆ ಎಂದು ಹೇಳಿ ಮಾರುವ ಕಿಟ್ ಇದು. ಹಾಕಿಸಿದ್ದು ಅಣ್ಣ. ಅಳತೆ ಮಾಡಿದ್ದು ನಾನು. ಅವನಿಗೆ ಮೊದಲಿಂದಲೂ ನಂಬಿಕೆ, ನನಗೆ ಮೊದಲಿಂದಲೂ ಅನುಮಾನ. ಹಾಗಾಗಿ ಇಬ್ಬರೂ ಒಪ್ಪುವ ಥರ ಅಳೆಯದೆ ಬೇರೆ ದಾರಿ ಇರಲಿಲ್ಲ.

ಗಾಡಿ 2008ರ ಮಾರುತಿ ಓಮ್ನಿ. ಪೆಟ್ರೋಲ್, 796 ಸಿಸಿ, ಮೂರು ಸಿಲಿಂಡರ್, ಕಂಪ್ಯೂಟರ್ ಹದ ಮಾಡಿ ಪೆಟ್ರೋಲ್ ಚಿಮ್ಮಿಸುವ ಎಂಪಿಎಫ್‌ಐ. ಕಟಪಾಡಿಯ ನಮ್ಮ ಮನೆಯಿಂದ ಹಪ್ಪಳ, ಸಂಡಿಗೆ, ಮಿಡಿ ಉಪ್ಪಿನಕಾಯಿ ತುಂಬಿಕೊಂಡು ಮಂಗಳೂರಿನ ಅಂಗಡಿಗಳಿಗೆ ಹೋಗಿ ಬರುವುದು ಅದರ ಕೆಲಸ. ಕಾಪು, ಪಡುಬಿದ್ರಿ, ಮೂಲ್ಕಿ, ಸುರತ್ಕಲ್, ಕೂಳೂರು ದಾಟಿ ಹೋಗುವುದಕ್ಕೆ ಸುಮಾರು 45 ಕಿಲೋಮೀಟರ್. ಲೋಡು ಪ್ರತಿ ಸಲ ಹೆಚ್ಚುಕಮ್ಮಿ ಅಷ್ಟೇ, ರಸ್ತೆಯೂ ಅದೇ. ಮೈಲೇಜ್ ಪರೀಕ್ಷೆ ಮಾಡುವವರಿಗೆ ಇದಕ್ಕಿಂತ ಅನುಕೂಲದ ಗಾಡಿ ಸಿಗಲಿಕ್ಕಿಲ್ಲ.

ಪೆಟ್ರೋಲ್ ನೂರು ದಾಟಿದ ಮೇಲೆ ಅಣ್ಣ ಮೊಬೈಲಿನಲ್ಲಿ ನೀರಿನಲ್ಲಿ ಓಡುವ ಕಾರುಗಳ ವೀಡಿಯೊ ನೋಡಲು ಶುರು ಮಾಡಿದ್ದ. ಅಮೆರಿಕದ ಸ್ಟ್ಯಾನ್ಲಿ ಮೇಯರ್ ಎಂಬವನ ಡ್ಯೂನ್ ಬಗ್ಗಿಯ (ಮರಳಿನಲ್ಲಿ ಓಡಿಸುವ ಸಣ್ಣ ಕಾರು) ಕಥೆ ಅವನಿಗೆ ಬಾಯಿಪಾಠ. ಬರೀ ನೀರು ಹಾಕಿ ಓಡಿಸಿದನಂತೆ, ಎಣ್ಣೆ ಕಂಪನಿಗಳು ಬಿಡಲಿಲ್ಲವಂತೆ. ಅದೇ ಮೇಯರ್ ಮೇಲೆ ಹಣ ಹೂಡಿದ್ದ ಇಬ್ಬರು ಕೇಸ್ ಹಾಕಿದ್ದರು, 1996ರಲ್ಲಿ ಒಹಾಯೊದ ಕೋರ್ಟು ಅದನ್ನು ಶುದ್ಧ ವಂಚನೆ ಎಂದು ಹೇಳಿ ಅವರ 25,000 ಡಾಲರ್ ವಾಪಸ್ ಕೊಡಿಸಿತ್ತು. ಆ ಭಾಗ ಮಾತ್ರ ವೀಡಿಯೊದಲ್ಲಿ ಇರುವುದಿಲ್ಲ. ಆದರೆ ಅಣ್ಣನ ವಾದವೂ ಪೂರ್ತಿ ಹುಂಬತನದ್ದಲ್ಲ. "ನಾನು ನೀರಿನಲ್ಲೇ ಓಡಿಸ್ತೇನೆ ಅಂತ ಹೇಳಿದ್ನಾ? ಪೆಟ್ರೋಲಿನ ಜೊತೆ ಒಂಚೂರು ಹೈಡ್ರೋಜನ್ ಹೋದ್ರೆ ಚಂದ ಉರಿತದೆ. 30 ಪರ್ಸೆಂಟ್ ಉಳಿತಾಯ ಅಂತೆ. 15 ಆದ್ರೂ ಸಾಕಲ್ಲ ಮಾರಾಯ."

ಮಂಗಳೂರಿನ ಹೊರವಲಯದ ಒಂದು ಶೆಡ್ಡಿನಲ್ಲಿ ಫಿಟ್ಟಿಂಗ್. ಎಲ್ಲ ಸೇರಿ 14,000 ರೂಪಾಯಿ. ಅಲ್ಲಿದ್ದವರು ಮೊದಲು ಡೆಮೊ ತೋರಿಸಿದರು. ಕಿಟ್‌ನಿಂದ ಬಂದ ಗ್ಯಾಸನ್ನು ಸೋಪಿನ ನೀರಿಗೆ ಬಿಟ್ಟು, ಗುಳ್ಳೆಗೆ ಬೆಂಕಿಕಡ್ಡಿ ಹಿಡಿದರು. ಢಂ ಎಂದು ಸದ್ದಾಯಿತು. ಅಣ್ಣ ನನ್ನ ಮುಖ ನೋಡಿದ. ಆ ಸದ್ದು ನಿಜ. ಹೈಡ್ರೋಜನ್ನೂ ಆಕ್ಸಿಜನ್ನೂ ಸರಿಯಾದ ಪ್ರಮಾಣದಲ್ಲೇ ಬೆರೆತು ಬರುವುದರಿಂದ ಸ್ವಲ್ಪ ಗ್ಯಾಸ್ ಇದ್ದರೂ ಜೋರಾಗಿ ಸಿಡಿಯುತ್ತದೆ. ಮೈಲೇಜಿಗೂ ಆ ಸದ್ದಿಗೂ ಸಂಬಂಧ ಇಲ್ಲ ಅಷ್ಟೆ.

ಕಿಟ್ ನೋಡಲು ಚೆನ್ನಾಗಿಯೇ ಇತ್ತು. ಸ್ಟೇನ್‌ಲೆಸ್ ಸ್ಟೀಲ್ ತಗಡುಗಳನ್ನು ರಬ್ಬರ್ ವಾಷರ್ ಕೊಟ್ಟು ಒತ್ತಾಗಿ ಜೋಡಿಸಿ, ಎರಡೂ ಬದಿ ದಪ್ಪ ಅಕ್ರಿಲಿಕ್ ಹಲಗೆ ಹಾಕಿ ಬೋಲ್ಟ್ ಬಿಗಿದಿದ್ದರು. ಏಳು ತಗಡು, ನಡುವೆ ಆರು ಸೆಲ್. ನೀರು ಒಡೆಯಲು ಒಂದೊಂದು ಸೆಲ್‌ಗೆ 2 ವೋಲ್ಟ್ ಸುತ್ತಮುತ್ತ ಬೇಕು. ಗಾಡಿಯ 14 ವೋಲ್ಟನ್ನು ಹೀಗೆ ಆರು ಪಾಲು ಮಾಡಿದರೆ ಬಿಸಿ ಕಮ್ಮಿ, ಗ್ಯಾಸ್ ಜಾಸ್ತಿ. ಬರೀ ನೀರಿನಲ್ಲಿ ಕರೆಂಟ್ ಸರಿಯಾಗಿ ಹರಿಯುವುದಿಲ್ಲ, ಅದಕ್ಕೆ ಡಿಸ್ಟಿಲ್ಡ್ ವಾಟರಿಗೆ ಕಾಸ್ಟಿಕ್ ಪೊಟ್ಯಾಶ್ ಬೆರೆಸುತ್ತಾರೆ. ಒಂದು ನೀರಿನ ಟ್ಯಾಂಕು, ಗ್ಯಾಸ್ ಗುಳ್ಳೆಗುಳ್ಳೆಯಾಗಿ ಹಾದುಹೋಗುವ ಬಬ್ಲರ್, ರಿಲೇ, ಫ್ಯೂಸು, ಆಮ್ಮೀಟರ್. ಕೊನೆಗೆ ಒಂದು ಪೈಪು ಏರ್ ಫಿಲ್ಟರಿನಿಂದ ಇಂಜಿನ್ನಿಗೆ ಹೋಗುವ ಹೋಸಿಗೆ.

ಬಬ್ಲರ್ ಸುಮ್ನೆ ಅಲಂಕಾರಕ್ಕೆ ಇಟ್ಟದ್ದಲ್ಲ. ಇಂಜಿನ್ ಕಡೆಯಿಂದ ಬೆಂಕಿ ಹಿಂದಕ್ಕೆ ಬಂದರೆ ಆ ನೀರಿನಲ್ಲೇ ನಿಲ್ಲಬೇಕು. ಓಮ್ನಿಯಲ್ಲಿ ಇಂಜಿನ್ ಇರುವುದು ಎದುರಿನ ಸೀಟಿನ ಕೆಳಗೆ. ಗ್ಯಾಸ್ ಲೀಕಾದರೆ ಅದು ಬರುವುದು ಡ್ರೈವರ್ ಕೂತಲ್ಲಿಗೇ. ಉದ್ಯಾವರದ ನಮ್ಮ ಮೆಕ್ಯಾನಿಕ್ ಇದನ್ನು ನೋಡಿ ಹೇಳಿದ್ದು ಒಂದೇ ಮಾತು: "ಅಣ್ಣನಿಗೆ ಹೇಳಿ, ಇದನ್ನು ಆನ್ ಮಾಡಿ ಬೀಡಿ ಸೇದುವವರನ್ನು ಹತ್ತಿಸಬೇಡಿ ಅಂತ."

ಫಿಟ್ಟಿಂಗ್ ದಿನವೇ ಇನ್ನೊಂದಿಷ್ಟು ಕೆಲಸವನ್ನೂ ಆ ಶೆಡ್ಡಿನವರು ಮಾಡಿದರು. ಮೂರೂ ಸ್ಪಾರ್ಕ್ ಪ್ಲಗ್ ಹೊಸತು. ಏರ್ ಫಿಲ್ಟರ್ ಹೊಸತು. ಇಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿ ಕ್ಲೀನ್. ಟೈರಿಗೆ ಗಾಳಿ. "ಕಿಟ್ ಸರಿಯಾಗಿ ಕೆಲಸ ಮಾಡ್ಬೇಕಾದ್ರೆ ಇಂಜಿನ್ ಕಂಡೀಷನ್‌ನಲ್ಲಿ ಇರ್ಬೇಕಲ್ವಾ ಸರ್" ಎಂದರು. ಮಾತೇನೋ ಸರಿಯೇ. ಇದರ ಜೊತೆಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಕಪ್ಪು ಡಬ್ಬಿಯನ್ನು ಆಕ್ಸಿಜನ್ ಸೆನ್ಸರಿನ ವಯರಿಗೆ ಸೇರಿಸಿದರು. ಅದಕ್ಕೆ ಅವರು ಹೇಳುವುದು ಚಿಪ್ ಎಂದು.

ಫಿಟ್ಟಿಂಗಿಗೆ ಮುಂಚೆ ಓಮ್ನಿ ಲೀಟರಿಗೆ 13ರ ಆಸುಪಾಸು ಕೊಡುತ್ತಿತ್ತು. ಆಮೇಲೆ 15 ದಾಟಿತು. ಅಣ್ಣನ ಖುಷಿ ಕೇಳಬೇಡಿ. ನೆಂಟರಿಗೆಲ್ಲ ಫೋನು ಹೋಯಿತು. ಅತ್ತಿಗೆ ಮಾತ್ರ, "ಹಾಗಾದ್ರೆ 14,000 ವಾಪಸ್ ಬರ್ಲಿಕ್ಕೆ ಎಷ್ಟು ಹಪ್ಪಳ ಮಾರ್ಬೇಕು?" ಎಂದು ಕೇಳಿ ಒಳಗೆ ಹೋದರು.

ಆದರೆ ಒಂದೇ ದಿನ ಐದಾರು ಬದಲಾವಣೆ ಮಾಡಿದ್ದರಲ್ಲ, ಆ ಎರಡು ಕಿಲೋಮೀಟರ್ ಕೊಟ್ಟಿದ್ದು ಯಾವುದು? ಇದೊಂದೇ ಪ್ರಶ್ನೆ ನನ್ನದು. ಅಣ್ಣ ಮೊದಲು ರೇಗಿದ. ಆಮೇಲೆ, "ಸರಿ ಮಾರಾಯ, ಎಂತ ಬೇಕಾದ್ರೂ ಅಳೆ" ಎಂದ.

ಮೊದಲು ನೋಡಿದ್ದು ಕಿಟ್ ನಿಜವಾಗಿ ಗ್ಯಾಸ್ ಮಾಡುತ್ತದಾ ಎಂದು. ಬಕೆಟ್ಟಿನಲ್ಲಿ ನೀರು, ಅದರೊಳಗೆ ನೀರು ತುಂಬಿದ ಒಂದು ಲೀಟರಿನ ಬಾಟಲಿಯನ್ನು ತಲೆಕೆಳಗಾಗಿ ಹಿಡಿದು, ಗ್ಯಾಸಿನ ಪೈಪನ್ನು ಬಾಯಿಗೆ ಕೊಟ್ಟೆವು. ಗೇಟಿನ ಹೊರಗೆ, ಅಂಗಳದಿಂದ ದೂರ. ಆಮ್ಮೀಟರ್ 15 ಆಂಪಿಯರ್ ತೋರಿಸುತ್ತಿತ್ತು. ಬಾಟಲಿ ಖಾಲಿಯಾಗಲು ಹತ್ತಿರಹತ್ತಿರ ಒಂದು ನಿಮಿಷ. ಅಂದರೆ ನಿಮಿಷಕ್ಕೆ ಒಂದು ಲೀಟರ್ ಗ್ಯಾಸ್. ಫ್ಯಾರಡೆಯ ನಿಯಮದ ಪ್ರಕಾರ ಒಂದು ಸೆಲ್‌ನಲ್ಲಿ ಒಂದು ಆಂಪಿಯರ್ ಒಂದು ಗಂಟೆ ಹರಿದರೆ, ನಮ್ಮ ಕರಾವಳಿಯ ಸೆಖೆಗೆ, 0.7 ಲೀಟರಿನಷ್ಟು ಗ್ಯಾಸ್ ಬರಬೇಕು. ಆರು ಸೆಲ್, 15 ಆಂಪಿಯರ್: ಗಂಟೆಗೆ 60 ಲೀಟರ್ ಸುಮಾರು. ಲೆಕ್ಕ ಸರಿಯಾಗಿ ಕೂತಿತು. ಆ ಮಟ್ಟಿಗೆ ಕಿಟ್ ಮೋಸದ್ದಲ್ಲ. ಮಾಡಬೇಕಾದಷ್ಟು ಗ್ಯಾಸ್ ಮಾಡುತ್ತದೆ.

ಹಾಗಾದರೆ ಆ ಗ್ಯಾಸ್ ಇಂಜಿನ್ನಿಗೆ ಎಷ್ಟರದ್ದು? ಹೈವೇಯಲ್ಲಿ 50-55ರ ಸ್ಪೀಡಿನಲ್ಲಿ ನಮ್ಮ ಓಮ್ನಿ ಗಂಟೆಗೆ ಮೂರೂವರೆ ಲೀಟರ್ ಪೆಟ್ರೋಲ್ ಕುಡಿಯುತ್ತದೆ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ. ಲೆಕ್ಕ ಹಾಕಿದರೆ ಇಂಜಿನ್ನಿಗೆ ಹೋಗುವ ಪೆಟ್ರೋಲಿನ ಶಕ್ತಿ 31 ಕಿಲೋವ್ಯಾಟ್. ನಿಮಿಷಕ್ಕೆ ಬರುವ ಒಂದು ಲೀಟರ್ ಗ್ಯಾಸಿನಲ್ಲಿ ಮೂರರಲ್ಲಿ ಎರಡು ಪಾಲು ಹೈಡ್ರೋಜನ್. ಅದರ ಶಕ್ತಿ ಸುಮಾರು 110 ವ್ಯಾಟ್. ಹೆಚ್ಚುಕಮ್ಮಿ ಮುನ್ನೂರರಲ್ಲಿ ಒಂದು ಪಾಲು ಅಷ್ಟೆ.

ಅದನ್ನು ಮಾಡಲು ಕೊಟ್ಟದ್ದೆಷ್ಟು ನೋಡಿ. 14 ವೋಲ್ಟ್, 15 ಆಂಪಿಯರ್, ಅಂದರೆ 210 ವ್ಯಾಟ್. ಗಾಡಿಯ ಆಲ್ಟರ್ನೇಟರ್ ಬೆಲ್ಟಿನಿಂದ ಪಡೆದ ಶಕ್ತಿಯಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿಯನ್ನಷ್ಟೇ ಕರೆಂಟ್ ಮಾಡುತ್ತದೆ. ಹಾಗಾಗಿ ಇಂಜಿನ್ ಬೆಲ್ಟಿನ ಮೂಲಕ ಕೊಡಬೇಕಾದದ್ದು 380 ವ್ಯಾಟಿನಷ್ಟು. ಆ 110 ವ್ಯಾಟ್ ಹೈಡ್ರೋಜನ್ ಉರಿದಾಗ ಇಂಜಿನ್ ಅದರ ಕಾಲು ಭಾಗವನ್ನು ಮಾತ್ರ ಕೆಲಸವಾಗಿ ಕೊಡುತ್ತದೆ, ಉಳಿದದ್ದು ರೇಡಿಯೇಟರ್‌ಗೂ ಸೈಲೆನ್ಸರ್‌ಗೂ. 380 ಕೊಟ್ಟು 30 ವಾಪಸ್. ನಮ್ಮ ಅಜ್ಜಿ ಹೇಳುವ ಹಾಗೆ ನಾಲ್ಕಾಣೆ ಕೋಳಿಗೆ ಹನ್ನೆರಡಾಣೆ ಮಸಾಲೆ.

ಇದನ್ನು ಶೆಡ್ಡಿನವರಿಗೆ ಫೋನಿನಲ್ಲಿ ಹೇಳಿದೆ. "ಆಲ್ಟರ್ನೇಟರ್ ಹೇಗೂ ತಿರುಗ್ತಾ ಉಂಟಲ್ಲ ಸರ್, ಕರೆಂಟ್ ನಮಗೆ ಫ್ರೀ" ಎಂದರು. ಈ ಮಾತನ್ನು ಹಳೆ ಗಾಡಿ ಓಡಿಸುವ ಯಾರು ಬೇಕಾದರೂ ಪರೀಕ್ಷೆ ಮಾಡಬಹುದು. ಇಂಜಿನ್ ಐಡಲ್‌ನಲ್ಲಿ ಇರುವಾಗ ಹೆಡ್‌ಲೈಟ್ ಹಾಕಿ. ಸದ್ದು ಒಂದು ಕ್ಷಣ ಕುಗ್ಗುತ್ತದೆ, ಆಮೇಲೆ ಸರಿಯಾಗುತ್ತದೆ. ಕರೆಂಟ್ ಎಳೆದಷ್ಟೂ ಆಲ್ಟರ್ನೇಟರ್ ತಿರುಗುವುದು ಭಾರವಾಗುತ್ತದೆ, ಆ ಭಾರಕ್ಕೆ ಇಂಜಿನ್ ಪೆಟ್ರೋಲ್ ಜಾಸ್ತಿ ತೆಗೆದುಕೊಳ್ಳುತ್ತದೆ. ಕಿಟ್ಟಿನ ಸ್ವಿಚ್ ಒತ್ತಿದಾಗಲೂ ನಮ್ಮ ಓಮ್ನಿ ಹಾಗೇ ಒಮ್ಮೆ ಕುಗ್ಗುತ್ತಿತ್ತು. ಅಣ್ಣ ಅದನ್ನೇ "ನೋಡು, ಇಂಜಿನ್ ಸ್ಮೂತ್ ಆಯ್ತು" ಎನ್ನುತ್ತಿದ್ದ.

ಅವರದ್ದು ಎರಡನೇ ವಾದವೂ ಇತ್ತು, ಅದು ಸ್ವಲ್ಪ ಗಟ್ಟಿ. ಹೈಡ್ರೋಜನ್ ಇಂಧನ ಅಂತ ನೋಡಬೇಡಿ, ಅದು ಪೆಟ್ರೋಲ್ ಪೂರ್ತಿ ಉರಿಯಲು ಸಹಾಯ ಮಾಡುತ್ತದೆ, ಇಲ್ಲದಿದ್ದರೆ ಅರ್ಧ ಪೆಟ್ರೋಲ್ ಹಾಗೇ ಹೊಗೆಯಾಗಿ ಹೋಗುತ್ತದೆ ಎಂದು. ಹೈಡ್ರೋಜನ್ ಬೆಂಕಿ ಪೆಟ್ರೋಲಿಗಿಂತ ಎಷ್ಟೋ ಪಟ್ಟು ಬೇಗ ಹರಡುತ್ತದೆ ಎನ್ನುವುದು ನಿಜ. ಆದರೆ ಅರ್ಧ ಪೆಟ್ರೋಲ್ ಹೊಗೆಯಾಗಿ ಹೋಗುವುದಿಲ್ಲ. ಸರಿಯಾಗಿ ಟ್ಯೂನ್ ಆದ ಇಂಜಿನ್ನಿನಲ್ಲಿ ನೂರಕ್ಕೆ 97ಕ್ಕಿಂತ ಜಾಸ್ತಿ ಪೆಟ್ರೋಲ್ ಈಗಲೇ ಉರಿಯುತ್ತದೆ. ವ್ಯರ್ಥ ಆಗುವುದು ಉರಿದ ಮೇಲಿನ ಬಿಸಿ. ಉರಿಯದ ಪೆಟ್ರೋಲ್ ಅಲ್ಲ. ಸುಧಾರಿಸಲು ಜಾಗ ಇರುವುದೇ ಎರಡು ಮೂರು ಪರ್ಸೆಂಟ್, ಅದರಲ್ಲಿ 30 ಪರ್ಸೆಂಟ್ ಉಳಿತಾಯ ಎಲ್ಲಿಂದ ಬರುತ್ತದೆ? ಮತ್ತೆ ಈ ಇಂಜಿನ್ ಹೈವೇಯಲ್ಲಿ ನಿಮಿಷಕ್ಕೆ 500 ಲೀಟರಿಗಿಂತ ಜಾಸ್ತಿ ಗಾಳಿ ಎಳೆಯುತ್ತದೆ. ಅದರಲ್ಲಿ ಮುಕ್ಕಾಲು ಲೀಟರೂ ಇಲ್ಲದ ಹೈಡ್ರೋಜನ್. ಗಾಳಿಯಲ್ಲಿ ಹೈಡ್ರೋಜನ್ ತಾನೇ ಹೊತ್ತಿಕೊಳ್ಳಲು ಕನಿಷ್ಠ ನೂರಕ್ಕೆ 4 ಪಾಲು ಇರಬೇಕು. ಇಲ್ಲಿರುವುದು ಸಾವಿರಕ್ಕೆ ಒಂದು ಪಾಲಿನ ಹತ್ತಿರ.

ಲೆಕ್ಕ ಕೇಳಿ ಅಣ್ಣ ತಲೆ ಅಲ್ಲಾಡಿಸಿದ. "ಪುಸ್ತಕದ ಲೆಕ್ಕ ಬೇರೆ, ರಸ್ತೆ ಬೇರೆ." ಇದೂ ನ್ಯಾಯವೇ. ರಸ್ತೆಯಲ್ಲೇ ನೋಡುವ ಎಂದು ಹೊರಟೆವು.

ಮೈಲೇಜ್ ಅಳೆಯುವುದು ಎಷ್ಟು ಕಿರಿಕಿರಿ ಎನ್ನುವುದು ಮಾಡಿದವರಿಗೇ ಗೊತ್ತು. ಫುಲ್ ಟ್ಯಾಂಕ್ ಮಾಡಿ, ಓಡಿಸಿ, ಮತ್ತೆ ಫುಲ್ ಟ್ಯಾಂಕ್ ಮಾಡುವುದು ಮಾಮೂಲಿ ಕ್ರಮ. ಆದರೆ ಬಂಕಿನ ಹುಡುಗ ಒಮ್ಮೆ ಕಟ್ ಆಫ್ ಆದ ಕೂಡಲೇ ನಿಲ್ಲಿಸುತ್ತಾನೆ, ಇನ್ನೊಮ್ಮೆ ರೌಂಡ್ ಫಿಗರ್ ಮಾಡಲು ಇನ್ನಷ್ಟು ಸುರಿಯುತ್ತಾನೆ. ಮಂಗಳೂರಿಗೆ ಹೋಗಿ ಬರಲು ನಮಗೆ ಬೇಕಾಗುವುದು ಆರೇಳು ಲೀಟರ್. ತುಂಬುವುದರಲ್ಲಿ ಅರ್ಧ ಲೀಟರ್ ಹೆಚ್ಚುಕಮ್ಮಿ ಆದರೆ ಮೈಲೇಜಿನಲ್ಲಿ ಒಂದು ಕಿಲೋಮೀಟರ್ ತಪ್ಪು ಬಂತು. ಕಿಟ್ ಮಾರುವವರು "ಒಂದೇ ಟ್ರಿಪ್ಪಿನಲ್ಲಿ ಗೊತ್ತಾಗ್ತದೆ" ಎನ್ನುವುದು ಇದಕ್ಕೇ. ಒಂದು ಟ್ರಿಪ್ಪಿನಲ್ಲಿ ಏನು ಬೇಕಾದರೂ ಗೊತ್ತಾಗಬಹುದು!

ನಾವು ಒಂದೇ ಬಂಕು, ಒಂದೇ ಪಂಪು, ಮೊದಲ ಕಟ್ ಆಫ್‌ಗೇ ನಿಲ್ಲಿಸುವುದು ಎಂದು ನಿಯಮ ಮಾಡಿಕೊಂಡೆವು. ಬೆಳಿಗ್ಗೆ ಬೇಗ ಹೊರಡುವುದು. ಬಿಸಿಲೇರಿದ ಮೇಲೆ ಪೆಟ್ರೋಲ್ ಹಿಗ್ಗುತ್ತದೆ, ಹತ್ತು ಡಿಗ್ರಿಗೆ ಒಂದು ಪರ್ಸೆಂಟಿನಷ್ಟು. ಅದಕ್ಕಿಂತ ಮುಖ್ಯ, ಎಂಟೂವರೆ ಮೇಲೆ ಕೂಳೂರು ಸೇತುವೆಯ ಹತ್ತಿರ ಸಿಕ್ಕಿಬಿದ್ದರೆ ಆ ದಿನದ ಲೆಕ್ಕ ಹಾಳು. ಬ್ಲಾಕ್ ಸಿಕ್ಕಿದ ದಿನದ ಲೆಕ್ಕವನ್ನು ಬೇರೆಯೇ ಬರೆದಿಟ್ಟೆ. ಟೈರ್ ಗಾಳಿ ಪ್ರತಿ ಸಲ ನೋಡುವುದು. ಒಂದೊಂದು ಟ್ರಿಪ್ಪಿನದ್ದು ಬೇರೆಬೇರೆ ಅಲ್ಲ, ಹಲವು ಟ್ರಿಪ್ ಸೇರಿಸಿಯೇ ಲೆಕ್ಕ.

ಮೊದಲು ಚಿಪ್. ಅದರ ಕೆಲಸ ಏನೆಂದು ಉದ್ಯಾವರದ ಮೆಕ್ಯಾನಿಕ್ ಬಿಡಿಸಿ ಹೇಳಿದರು. ಹೊಗೆಯಲ್ಲಿ ಎಷ್ಟು ಆಕ್ಸಿಜನ್ ಉಳಿದಿದೆ ಎಂದು ಸೆನ್ಸರ್ ನೋಡುತ್ತದೆ. ಪೆಟ್ರೋಲ್ ಜಾಸ್ತಿಯಾದರೆ ಅದರ ವೋಲ್ಟೇಜ್ ಏರುತ್ತದೆ, ಕಮ್ಮಿಯಾದರೆ ಇಳಿಯುತ್ತದೆ. ಅದನ್ನು ನೋಡಿಕೊಂಡು ಇಸಿಎಂ, ಅಂದರೆ ಇಂಜಿನ್ನಿನ ಕಂಪ್ಯೂಟರ್, ಪೆಟ್ರೋಲ್ ಹದ ಮಾಡುತ್ತದೆ. ಚಿಪ್ ಸುಮ್ನೆ ಆ ವೋಲ್ಟೇಜನ್ನು ಸ್ವಲ್ಪ ಏರಿಸಿ ತೋರಿಸುತ್ತದೆ. ಪೆಟ್ರೋಲ್ ಜಾಸ್ತಿಯಾಗಿದೆ ಎಂದುಕೊಂಡು ಇಸಿಎಂ ಕಮ್ಮಿ ಮಾಡುತ್ತದೆ. ಇದಕ್ಕೆ ಹೈಡ್ರೋಜನ್ನೇ ಬೇಡ. ಕಿಟ್ ಪೂರ್ತಿ ಆಫ್ ಇದ್ದರೂ ಚಿಪ್ ತನ್ನ ಪಾಡಿಗೆ ಪೆಟ್ರೋಲ್ ಕತ್ತರಿಸುತ್ತಾ ಇರುತ್ತದೆ.

ಅದರ ಬೆಲೆಯೂ ಉಂಟು. ಲೋಡ್ ಹಾಕಿಕೊಂಡು ಮಣಿಪಾಲದ ಏರು ಹತ್ತುವಾಗ ಗಾಡಿ ತಡವರಿಸುತ್ತಿತ್ತು, ಆಕ್ಸಿಲರೇಟರ್ ಒತ್ತಿದರೆ ಜರ್ಕ್. ಮಿಶ್ರಣ ಹೀಗೆ ತೆಳ್ಳಗಾದರೆ ಹೊಗೆಯಲ್ಲಿ ನೈಟ್ರೋಜನ್ ಆಕ್ಸೈಡ್ ಜಾಸ್ತಿಯಾಗುತ್ತದೆ, ಸೈಲೆನ್ಸರಿನಲ್ಲಿ ಹೊಗೆ ಶುದ್ಧ ಮಾಡುವ ಕೆಟಲಿಟಿಕ್ ಕನ್ವರ್ಟರಿಗೆ ಅದನ್ನು ಒಡೆಯಲು ಆಗುವುದಿಲ್ಲ. ತಮಾಷೆ ಏನೆಂದರೆ ಎಮಿಷನ್ ಟೆಸ್ಟಿನಲ್ಲಿ ಇದು ಕಾಣುವುದೇ ಇಲ್ಲ. ಇಷ್ಟು ಹಳೆಯ ಪೆಟ್ರೋಲ್ ಗಾಡಿಗೆ ಅಲ್ಲಿ ನೋಡುವುದು ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್. ಎರಡೂ ಕಮ್ಮಿ ಬಂದು ಸರ್ಟಿಫಿಕೇಟ್ ಚಂದ ಕಾಣುತ್ತದೆ. ಶೆಡ್ಡಿನವರು ಗೋಡೆಗೆ ಅಂಟಿಸಿದ್ದ ರಿಪೋರ್ಟುಗಳೆಲ್ಲ ಆ ಜಾತಿಯವೇ ಇರಬೇಕು.

ಚಿಪ್ ಕಿತ್ತೆವು. ಜರ್ಕ್ ಹೋಯಿತು. ಮೈಲೇಜ್ ಅರ್ಧ ಕಿಲೋಮೀಟರಿನಷ್ಟು ಇಳಿಯಿತು, ಆದರೂ ಹಳೆಯ 13ಕ್ಕೆ ಹೋಗಲಿಲ್ಲ. "ನೋಡಿದ್ಯಾ? ಉಳಿದದ್ದು ಕಿಟ್ಟಿಂದು" ಎಂದ ಅಣ್ಣ.

ಇನ್ನು ಉಳಿದದ್ದು ಕಿಟ್ ಆನ್, ಕಿಟ್ ಆಫ್. ಇಲ್ಲಿ ಒಂದು ತೊಂದರೆ. ಗಾಡಿ ಓಡಿಸುವುದು ಅಣ್ಣ. ಕಿಟ್ ಆನ್ ಇದೆ ಎಂದು ಗೊತ್ತಾದರೆ ಅವನ ಕಾಲು ತಾನಾಗಿಯೇ ಹಗುರ ಆಗುತ್ತದೆ. ಆಫ್ ಇದ್ದ ದಿನ ಪಡುಬಿದ್ರಿ ದಾಟುವ ಮೊದಲೇ 75. ಬೇಕೆಂದು ಮಾಡುವುದಲ್ಲ, ಮನುಷ್ಯನ ಸ್ವಭಾವವೇ ಹಾಗೆ. ಆ ಸ್ಪೀಡಿನ ವ್ಯತ್ಯಾಸವೇ ಮೈಲೇಜನ್ನು ಒಂದೂವರೆ ಕಿಲೋಮೀಟರ್ ಅತ್ತಿತ್ತ ಮಾಡುತ್ತದೆ. ಓಮ್ನಿಯ ಮುಖ ಗೋಡೆಯಂತೆ ನೆಟ್ಟಗೆ, ಸ್ಪೀಡ್ ಏರಿದ ಹಾಗೆ ಗಾಳಿ ತಳ್ಳುವುದಕ್ಕೇ ಪೆಟ್ರೋಲ್ ಖರ್ಚು.

ಅದಕ್ಕೆ ಅಣ್ಣನ ಮಗನನ್ನು ಸೇರಿಸಿಕೊಂಡೆವು. ಪಿಯುಸಿ ಓದುವ ಹುಡುಗ, ಸೈನ್ಸು. ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡುವ ಮೊದಲೇ ಅವನು ನಾಣ್ಯ ಚಿಮ್ಮಿ, ಕಿಟ್ಟಿನ ಫ್ಯೂಸ್ ಹಾಕುವುದೋ ತೆಗೆಯುವುದೋ ಮಾಡಬೇಕು. ತನ್ನ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಬೇಕು. ನಮಗಿಬ್ಬರಿಗೂ ಹೇಳಬಾರದು. ಡ್ಯಾಶ್‌ಬೋರ್ಡಿನ ಸ್ವಿಚ್ ಯಾವಾಗಲೂ ಆನ್. ಅದರ ಕೆಂಪು ಲೈಟಿಗೂ ಆಮ್ಮೀಟರಿಗೂ ಇನ್ಸುಲೇಷನ್ ಟೇಪು. "ಚಿಕ್ಕಪ್ಪ, ಅಪ್ಪ ಐಸ್‌ಕ್ರೀಮ್ ಕೊಡಿಸ್ತೇನೆ ಅಂತ ಹೇಳಿ ಕೇಳ್ತಾ ಇದ್ದಾರೆ" ಎಂದು ಹುಡುಗ ಒಂದೆರಡು ಸಲ ದೂರು ಕೊಟ್ಟ. ಐಸ್‌ಕ್ರೀಮ್ ತಿಂದ, ಹೇಳಲಿಲ್ಲ. ಪ್ರತಿ ದಿನ ವಾಪಸ್ ಬಂದ ಮೇಲೆ ಅಣ್ಣ ಊಹೆ ಹೇಳಬೇಕು: ಇವತ್ತು ಆನ್ ಇತ್ತಾ, ಆಫ್ ಇತ್ತಾ.

ಇದರ ಮಧ್ಯೆ ಮಳೆಗಾಲ ಬಂತು. ಒಂದು ಸಂಜೆ ಸುರತ್ಕಲ್ ದಾಟುವಾಗ ಜಡಿಮಳೆ. ಹೆಡ್‌ಲೈಟ್, ವೈಪರ್ ಎಲ್ಲ ಓಡುತ್ತಿದ್ದವು. ಅವುಗಳ ಜೊತೆ ಕಿಟ್ಟಿನ 15 ಆಂಪಿಯರ್. ಮೂಲ್ಕಿ ಬರುವಷ್ಟರಲ್ಲಿ ಲೈಟ್ ಮಂದ ಆಯಿತು. ವೈಪರ್ ಸೋತುಕೊಂಡು ಓಡಲು ಶುರುವಾಯಿತು. ಆಲ್ಟರ್ನೇಟರ್ ಸಾಲದೆ ಬ್ಯಾಟರಿಯಿಂದಲೇ ಎಳೆಯುತ್ತಿತ್ತು. ಅಣ್ಣ ಟೇಪ್ ಕಿತ್ತು ಸ್ವಿಚ್ ಆಫ್ ಮಾಡಿದ. ಸ್ವಲ್ಪ ಹೊತ್ತಿಗೆ ಸರಿಯಾಯಿತು. ಮೆಕ್ಯಾನಿಕ್ ಆಮೇಲೆ ನೋಡಿದರೆ ರಿಲೇಯ ಒಂದು ಕನೆಕ್ಷನ್ ಬಿಸಿಯಾಗಿ ಪ್ಲಾಸ್ಟಿಕ್ ಕರಗಿತ್ತು. ನಮ್ಮ ಉಪ್ಪು ಗಾಳಿಗೆ ಯಾವ ವಯರಿನ ತುದಿಯೂ ಬಹಳ ದಿನ ಬಾಳುವುದಿಲ್ಲ. ತುಕ್ಕು ಹಿಡಿದ ಕನೆಕ್ಷನ್ನಿನಲ್ಲಿ 15 ಆಂಪಿಯರ್ ಹರಿದರೆ ಬಿಸಿ ಆಗದೆ ಇರುತ್ತದಾ? ಅದೂ ಸೀಟಿನ ಕೆಳಗೆ, ಪೆಟ್ರೋಲ್ ಪೈಪಿನ ಸಮೀಪ. ಹೊಸ ಕನೆಕ್ಷನ್ ಹಾಕಿಸಿ ಪರೀಕ್ಷೆ ಮುಂದುವರಿಸಿದೆವು. ಮಳೆ ಬಂದ ದಿನ ಫ್ಯೂಸೇ ಹಾಕಬಾರದು, ಲೆಕ್ಕಕ್ಕೂ ತೆಗೆದುಕೊಳ್ಳಬಾರದು ಎಂದು ಆಯಿತು.

ಟ್ಯಾಂಕಿನ ನೀರು ಅಷ್ಟು ದಿನದಲ್ಲಿ ಕಂದು ಬಣ್ಣಕ್ಕೆ ತಿರುಗಿತ್ತು. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕ್ರೋಮಿಯಂ ಇದೆ, ಕರೆಂಟ್ ಹರಿಯುತ್ತಾ ತಗಡು ಸವೆದಾಗ ಅದು ವಿಷದ ರೂಪದಲ್ಲಿ ನೀರಿಗೆ ಬರಬಹುದು. ಪೊಟ್ಯಾಶ್ ಕೈಗೆ ತಾಗಿದರೆ ಸುಡುತ್ತದೆ ಬೇರೆ. ಅತ್ತಿಗೆ ಮೊದಲೇ ಹೇಳಿದ್ದರು, "ಆ ನೀರು ಬಾವಿ ಹತ್ತಿರ ತಂದ್ರೆ ನೋಡಿ." ಯಾರಾದರೂ ಪೊಟ್ಯಾಶ್ ಬದಲು ಅಡುಗೆ ಉಪ್ಪು ಹಾಕಬಹುದಾ ಎಂದು ಯೋಚಿಸಿದರೆ, ಬೇಡ. ಉಪ್ಪಿನ ನೀರಿನಿಂದ ಕ್ಲೋರಿನ್ ಗ್ಯಾಸ್ ಬರುತ್ತದೆ.

ಸಾಕಷ್ಟು ಲೆಕ್ಕ ಕೂಡಿದ ಮೇಲೆ ಒಂದು ಭಾನುವಾರ ಹುಡುಗನ ಪುಸ್ತಕ ತೆರೆದೆವು. ಕಿಟ್ ಆಫ್ ಇದ್ದ ಟ್ರಿಪ್ಪುಗಳೆಲ್ಲ ಸೇರಿ ಲೀಟರಿಗೆ 15ರ ಆಸುಪಾಸು. ಕಿಟ್ ಆನ್ ಇದ್ದವು ಅದಕ್ಕಿಂತ ಒಂದೆಳೆ ಕಮ್ಮಿ. ಆ ಒಂದೆಳೆಯನ್ನು ನಾನು ನಂಬುವುದಿಲ್ಲ, ಅಷ್ಟು ಸೂಕ್ಷ್ಮದ ವ್ಯತ್ಯಾಸ ಬಂಕಿನ ಪಂಪಿನಿಂದ ಹಿಡಿಯಲು ಆಗುವುದಿಲ್ಲ. ಆದರೆ 30 ಪರ್ಸೆಂಟ್ ಅಥವಾ 15 ಪರ್ಸೆಂಟ್ ಉಳಿತಾಯ ಇದ್ದಿದ್ದರೆ ಖಂಡಿತ ಕಾಣುತ್ತಿತ್ತು. ಅಣ್ಣನ ಊಹೆಯಲ್ಲಿ ಅರ್ಧದಷ್ಟು ತಪ್ಪು. "ಇವತ್ತು ಬೆಣ್ಣೆ ಹಾಗೆ ಹೋಯ್ತು, ಪಕ್ಕಾ ಆನ್" ಎಂದಿದ್ದ ದಿನ ಫ್ಯೂಸ್ ಹುಡುಗನ ಪೆನ್ಸಿಲ್ ಬಾಕ್ಸಿನಲ್ಲಿತ್ತು.

ಹಾಗಾದರೆ 13 ಇದ್ದದ್ದು 15 ಆಗಿದ್ದು? ಹೊಸ ಪ್ಲಗ್, ಹೊಸ ಫಿಲ್ಟರ್, ಕ್ಲೀನ್ ಆದ ಥ್ರಾಟಲ್ ಬಾಡಿ, ಟೈರಿನ ಗಾಳಿ, ಮತ್ತೆ ಅಣ್ಣನ ಹಗುರ ಕಾಲು. ಇವುಗಳಲ್ಲಿ ಯಾವುದರದ್ದು ಎಷ್ಟು ಪಾಲು ಎಂದು ಬಿಡಿಸಿ ನೋಡುವ ತಾಳ್ಮೆ ಯಾರಿಗೂ ಉಳಿದಿರಲಿಲ್ಲ. ಎಲ್ಲ ಸೇರಿ ಉದ್ಯಾವರದಲ್ಲಿ ಮಾಡಿಸಿದ್ದರೆ ಎರಡು ಸಾವಿರದ ಒಳಗೆ ಮುಗಿಯುತ್ತಿತ್ತು.

ಶೆಡ್ಡಿಗೆ ಹೋಗಿ ಲೆಕ್ಕ ತೋರಿಸಿದೆವು. ನಮ್ಮ ಡ್ರೈವಿಂಗ್ ಸರಿ ಇಲ್ಲ ಎಂದರು. ಆಮೇಲೆ, ಪೊಟ್ಯಾಶ್ ಪ್ರಮಾಣ ತಪ್ಪಿರಬೇಕು ಎಂದರು. ಕೊನೆಗೆ ದೊಡ್ಡ ಕಿಟ್ ಬಂದಿದೆ, 30 ಆಂಪಿಯರಿನದ್ದು, ಎಕ್ಸ್‌ಚೇಂಜಿನಲ್ಲಿ ಕೊಡುತ್ತೇವೆ ಎಂದರು. ದುಡ್ಡು ವಾಪಸ್ ಎಂಬ ಮಾತಿಗೆ ಯಾರೂ ಕಿವಿ ಕೊಡಲಿಲ್ಲ. ಅಲ್ಲಿದ್ದ ಹುಡುಗನೊಬ್ಬ ನಾಸಾದವರೇ ಇದನ್ನು ಮಾಡಿದ್ದಾರೆ ಎಂದ. ಅದು ಅರ್ಧ ನಿಜ. 1977ರಲ್ಲಿ ನಾಸಾದವರು ಪೆಟ್ರೋಲ್ ಇಂಜಿನ್ನಿಗೆ ಹೈಡ್ರೋಜನ್ ಬೆರೆಸಿ ಪರೀಕ್ಷೆ ಮಾಡಿ ವರದಿ ಬರೆದದ್ದು ಹೌದು. ಹೈಡ್ರೋಜನ್ ಬೆರೆತರೆ ತುಂಬಾ ತೆಳ್ಳನೆಯ ಮಿಶ್ರಣವೂ ಆರದೆ ಉರಿಯುತ್ತದೆ ಎಂದು ಅವರು ಕಂಡರು. ಆದರೆ ಅವರ ಹೈಡ್ರೋಜನ್ ಬಂದದ್ದು ಸಿಲಿಂಡರಿನಿಂದ ಮತ್ತು ಮೆಥನಾಲ್ ಒಡೆಯುವ ಯಂತ್ರದಿಂದ. ಆಲ್ಟರ್ನೇಟರಿನಿಂದ ಅಲ್ಲ. ಪ್ರಮಾಣವೂ ನಮ್ಮ ಬಾಟಲಿ ಲೆಕ್ಕದ್ದಲ್ಲ.

ದೆಹಲಿಯಲ್ಲಿ 2020ರಲ್ಲಿ ಐವತ್ತು ಬಸ್ಸುಗಳಿಗೆ ಸಿಎನ್‌ಜಿ ಜೊತೆ ಹೈಡ್ರೋಜನ್ ಬೆರೆಸಿ ಓಡಿಸಿ ನೋಡಿದರು. ಅಲ್ಲಿ ಹೈಡ್ರೋಜನ್ ನೂರಕ್ಕೆ 18 ಪಾಲು, ಮಾಡಿದ್ದು ಡಿಪೋದಲ್ಲೇ ಹಾಕಿದ ಘಟಕದಲ್ಲಿ. ಇಲ್ಲೇ ಕುತ್ತೆತ್ತೂರಿನ ಎಣ್ಣೆ ಶುದ್ಧೀಕರಣ ಕಾರ್ಖಾನೆ ಎಂಆರ್‌ಪಿಎಲ್‌ನಲ್ಲಿ ಪೆಟ್ರೋಲ್ ಡೀಸೆಲಿನ ಗಂಧಕ ತೆಗೆಯಲು ಹೈಡ್ರೋಜನ್ ಬಳಸುತ್ತಾರೆ. ಗಡ್ಕರಿಯವರು 2022ರಲ್ಲಿ ಪಾರ್ಲಿಮೆಂಟಿಗೆ ಹೋದ ಟೊಯೊಟಾ ಮಿರಾಯ್ ಕಾರಿನಲ್ಲಿ ಪೆಟ್ರೋಲ್ ಇಂಜಿನ್ನೇ ಇಲ್ಲ, ಟ್ಯಾಂಕಿನಲ್ಲಿ 700 ಬಾರ್ ಒತ್ತಡದ ಹೈಡ್ರೋಜನ್ ತುಂಬಿರುತ್ತದೆ, ಅದರಿಂದ ಕರೆಂಟ್ ಮಾಡಿ ಮೋಟರ್ ಓಡಿಸುತ್ತದೆ. ಹೈಡ್ರೋಜನ್ ಎಲ್ಲೆಲ್ಲಿ ಕೆಲಸಕ್ಕೆ ಬರುತ್ತದೋ ಅಲ್ಲೆಲ್ಲ ಅದನ್ನು ಗಾಡಿಯ ಹೊರಗೆಯೇ ಮಾಡಿರುತ್ತಾರೆ. ಗಾಡಿಯ ಪೆಟ್ರೋಲಿನಿಂದಲೇ ಹೈಡ್ರೋಜನ್ ಮಾಡಿ ಅದೇ ಗಾಡಿಯ ಪೆಟ್ರೋಲ್ ಉಳಿಸುವುದು ಮಾತ್ರ ಆಗದ ಕೆಲಸ. ಅಮೆರಿಕದ ಪರಿಸರ ಇಲಾಖೆ ಇಂಧನ ಉಳಿತಾಯದ ನೂರಕ್ಕೂ ಹೆಚ್ಚು ಸಾಧನಗಳನ್ನು ಪರೀಕ್ಷೆ ಮಾಡಿದೆ. ಹೇಳಿಕೊಳ್ಳುವಷ್ಟು ಮೈಲೇಜ್ ಕೊಟ್ಟದ್ದು ಒಂದೂ ಸಿಗಲಿಲ್ಲ.

ಓಮ್ನಿಗೆ 15 ವರ್ಷ ದಾಟಿರುವುದರಿಂದ ಆರ್‌ಟಿಒದ ಫಿಟ್‌ನೆಸ್ ಚಿಂತೆಯೂ ಇತ್ತು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕಂಪನಿ ಕೊಟ್ಟ ಗಾಡಿಯನ್ನು ಮನಸ್ಸಿಗೆ ಬಂದಂತೆ ಬದಲಾಯಿಸಲು ಬಿಡುವುದಿಲ್ಲ. ಇನ್ಶೂರೆನ್ಸಿನವರೂ ಸೀಟಿನ ಕೆಳಗೆ ಸುಟ್ಟ ವಯರ್ ಕಂಡರೆ ಕ್ಲೈಮಿನ ಹೊತ್ತಿಗೆ ಪ್ರಶ್ನೆ ಕೇಳದೆ ಬಿಡುತ್ತಾರಾ? ಕಿಟ್ ಪೂರ್ತಿ ಬಿಚ್ಚಿಸಿದೆವು. ತೂತು ಮಾಡಿದ್ದ ಏರ್ ಹೋಸನ್ನು ಬದಲಾಯಿಸಬೇಕಾಯಿತು, ಅಂಟು ಹಾಕಿದರೆ ಅಲ್ಲಿಂದ ಧೂಳು ಇಂಜಿನ್ನಿಗೆ ಹೋಗುತ್ತದೆ. ಆಮ್ಮೀಟರನ್ನು ಅಣ್ಣನ ಮಗ ಕಾಲೇಜಿನ ಪ್ರಾಜೆಕ್ಟಿಗೆ ತೆಗೆದುಕೊಂಡ.

ಅಣ್ಣ ಈಗ ಒಂದು ಹಳೆಯ ಬೊಲೆರೊ ನೋಡುತ್ತಿದ್ದಾನೆ. ಮೊನ್ನೆ ಊಟಕ್ಕೆ ಕೂತಾಗ, "ಡೀಸೆಲಿಗೆ ಈ ಕಿಟ್ ಚಂದ ಆಗ್ತದಂತೆ, ಹೌದಾ?" ಎಂದು ಕೇಳಿದ. ಡೀಸೆಲ್ ಇಂಜಿನ್ ಯಾವಾಗಲೂ ಬೇಕಾದ್ದಕ್ಕಿಂತ ಜಾಸ್ತಿ ಗಾಳಿಯಲ್ಲೇ ಉರಿಸುತ್ತದೆ, ಅಲ್ಲಿ ಉರಿಯದೆ ಉಳಿಯುವುದು ಪೆಟ್ರೋಲಿಗಿಂತಲೂ ಕಮ್ಮಿ ಎಂದೆ. ಇಂಜಿನ್ ಮೂರು ಪಟ್ಟು ದೊಡ್ಡದು, ಕಿಟ್ ಅದೇ ಒಂದು ಲೀಟರಿನದ್ದು. ಅತ್ತಿಗೆ ಸಾರು ಬಡಿಸುತ್ತಾ, "ಬೊಲೆರೊ ತಗೊಳ್ಳಿ, ಆದ್ರೆ ಫ್ಯೂಸ್ ನನ್ನ ಹತ್ರ ಇರ್ಲಿ" ಎಂದರು.